ಹಣಪತ್ರದ ಹಕ್ಕುದಾರನು ಯಾರು? — ಒಡೆಯ, ಧಾರಕ ಮತ್ತು ಶಾಹ

೧

ಹುಂಡಿ, ಪ್ರೋನೋಟು, ಚೆಕ್ಕು ಮೊದಲಾದ ಹಣಪತ್ರಗಳು ಒಬ್ಬನ ಕೈಯಿಂದ ಮತ್ತೊಬ್ಬನ ಕೈಗೆ ಸಾಗುವಾಗ ತಮ್ಮೊಡನೆ ಹಣದ ಹಕ್ಕನ್ನೂ ಸಾಗಿಸುತ್ತವೆ ಎಂಬುದು ವಾಣಿಜ್ಯದ ಇತಿಹಾಸವನ್ನು ಓದಿದವರೆಲ್ಲರೂ ಬಲ್ಲ ಮಾತು. ಈ ಮಾತಿನಿಂದ ನಮ್ಮ ಕಾಲೇಜುಗಳ ಪಾಠಗಳಲ್ಲಿ ಎರಡು ನಿರ್ಣಯಗಳು ಬಹು ಸುಲಭವಾಗಿ ಹೊರಡುತ್ತವೆ. ಪತ್ರವು ಯಾರ ಕೈಯಲ್ಲಿದೆಯೋ ಹಣ ಕೇಳುವ ಹಕ್ಕೂ ಅವನದೇ ಎಂಬುದು ಮೊದಲನೆಯದು. ಈ ತತ್ತ್ವವು ಇಂಗ್ಲೆಂಡಿನಲ್ಲಿ ಪೂರ್ಣವಾಗಿ ಬೆಳೆದು, ೧೮೮೧ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ಮೂಲಕ ನಮ್ಮ ದೇಶಕ್ಕೆ ಬಂದಿತು, ಅದಕ್ಕೆ ಮೊದಲಿದ್ದ ಹುಂಡಿಯ ಪದ್ಧತಿಯು, ಅದರಲ್ಲಿಯೂ ಶಾಹಜೋಗ ಹುಂಡಿಯು, ಅದರ ಅಪೂರ್ಣ ರೂಪ ಎಂಬುದು ಎರಡನೆಯದು. ಈ ಎರಡು ನಿರ್ಣಯಗಳೂ ಸಮಂಜಸವಲ್ಲವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಇದು ನ್ಯಾಯವಾದಿಗಳಿಗೆ ಬಿಟ್ಟುಬಿಡತಕ್ಕ ಸೂಕ್ಷ್ಮವೆಂದು ಇತಿಹಾಸದ ವಿದ್ಯಾರ್ಥಿಗಳು ಭಾವಿಸಬಾರದು. ಹಳೆಯ ಮನೆತನವೊಂದರ ಕಾಗದದ ಕಟ್ಟಿನಲ್ಲಿ ಹುಂಡಿಯೊಂದು ದೊರೆತಾಗ, ಅದರ ಮೇಲಿನ ಕೊನೆಯ ಹೆಸರನ್ನು ಸಾಲಿಗನದೆಂದು ಎಣಿಸಿ, ಆ ಆಧಾರದ ಮೇಲೆ ಯಾರು ಶ್ರೀಮಂತರು, ಯಾರು ಸಾಲಗಾರರು, ಯಾವ ಪೇಟೆಗೂ ಯಾವ ಪೇಟೆಗೂ ಸಂಬಂಧವಿತ್ತು ಎಂಬುದನ್ನೆಲ್ಲ ಕಟ್ಟುವುದು ವಾಡಿಕೆ. ಅಡಿಗಲ್ಲೇ ಸಡಿಲವಾಗಿದ್ದರೆ ಮೇಲಿನ ಗೋಡೆಯ ಗತಿಯೇನು? ಅದೂ ಅಲ್ಲದೆ, ಹಣವನ್ನು ತಕ್ಕವನಿಗೆ ಕೊಡದೆ ಬೇರೊಬ್ಬನಿಗೆ ಕೊಟ್ಟ ಸಾಲಗಾರನು ಎರಡನೆಯ ಸಲವೂ ಕೊಡಬೇಕಾದೀತು. ಹಕ್ಕುದಾರನು ಯಾರೆಂಬ ಪ್ರಶ್ನೆ ಕೊನೆಯಲ್ಲಿ ನಷ್ಟವು ಯಾರ ತಲೆಯ ಮೇಲೆ ಬೀಳತಕ್ಕದ್ದು ಎಂಬ ಪ್ರಶ್ನೆಯೇ ಆಗಿದೆ.

೨

ವಿಚಾರಕ್ಕೆ ತೊಡಗುವ ಮುನ್ನ ಮೂರು ಸ್ಥಾನಗಳನ್ನು ಬೇರ್ಪಡಿಸಿಕೊಳ್ಳಬೇಕು. ಹಣವು ನಿಜವಾಗಿ ಯಾರಿಗೆ ಸೇರತಕ್ಕದ್ದೋ ಅವನು ಒಡೆಯ. ಕಾಗದವು ಯಾರ ವಶದಲ್ಲಿದೆಯೋ ಅವನು ವಶದಾರ. ಕಾನೂನಿನ ಮುಂದೆ ನಿಂತು ಹಣವನ್ನು ಕೇಳಿ ವಸೂಲು ಮಾಡಬಲ್ಲವನು ಧಾರಕ. ಸಾಮಾನ್ಯವಾಗಿ ಈ ಮೂವರೂ ಒಬ್ಬನೇ ಆಗಿರುತ್ತಾನೆ. ಆದುದರಿಂದಲೇ ಭೇದವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಒಬ್ಬ ವರ್ತಕನು ತನ್ನ ಹಣವನ್ನೇ ಸಾಲ ಕೊಟ್ಟು ಪ್ರೋನೋಟನ್ನು ಗುಮಾಸ್ತನ ಹೆಸರಿನಲ್ಲಿ ಬರೆಸಿಕೊಂಡನೆನ್ನೋಣ. ಆ ನೋಟು ಗುಮಾಸ್ತನ ಪೆಟ್ಟಿಗೆಯಿಂದ ಕಳುವಾಯಿತೆನ್ನೋಣ. ಈಗ ಒಡೆಯನು ವರ್ತಕ, ಧಾರಕನು ಗುಮಾಸ್ತ, ವಶದಾರನು ಕಳ್ಳ. ಮೂವರೂ ಬೇರೆ ಬೇರೆ. ಇವರಲ್ಲಿ ಯಾರ ಮಾತಿಗೆ ಸಾಲಗಾರನು ಕಿವಿಗೊಡಬೇಕು ಎಂಬುದಕ್ಕೆ ಬೇರೆ ಬೇರೆ ಕಾಲ ದೇಶಗಳು ಬೇರೆ ಬೇರೆ ಉತ್ತರಗಳನ್ನು ಕೊಟ್ಟಿವೆ.

ನಮ್ಮ ನಾಡಿನಲ್ಲಿಯೇ ರಚಿತವಾದ ಉತ್ತರವೊಂದರಿಂದ ಆರಂಭಿಸುವುದು ಉಚಿತ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಸಾಲಪತ್ರಗಳ ವಿಚಾರವಾಗಿ ಒಂದು ಪ್ರಕರಣವೇ ಇದೆ. ಸ್ಮೃತಿಯ ವಿಧಿಯಂತೆ, ಸಾಲಗಾರನು ಕಂತುಕಂತಾಗಿ ಹಣ ಕೊಟ್ಟಾಗ ಅದನ್ನು ಪತ್ರದ ಬೆನ್ನಿನ ಮೇಲೆ ಬರೆಯತಕ್ಕದ್ದು; ಸಾಲವನ್ನು ಪೂರ್ತಿ ತೀರಿಸಿದ ಮೇಲೆ ಪತ್ರವನ್ನು ಹರಿಯತಕ್ಕದ್ದು; ಪತ್ರವು ದೂರದೇಶದಲ್ಲಿದ್ದರೆ, ಅಳಿಸಿಹೋಗಿದ್ದರೆ, ಕಳೆದಿದ್ದರೆ, ಕಳುವಾಗಿದ್ದರೆ, ಸುಟ್ಟುಹೋಗಿದ್ದರೆ ಬೇರೊಂದನ್ನು ಬರೆಸತಕ್ಕದ್ದು. ಇಲ್ಲಿ ಸಾಲವೇ ಬೇರೆ, ಕಾಗದವೇ ಬೇರೆ. ಕಾಗದವು ಸಾಲಕ್ಕೆ ಸಾಕ್ಷಿಯೇ ಹೊರತು ತಾನೇ ಸಾಲವಲ್ಲ. ಕದ್ದವನಿಗೆ ಕಾಗದ ದೊರೆಯಬಹುದು, ಸಾಲ ದೊರೆಯದು. ಆದರೆ ಈ ವ್ಯವಸ್ಥೆಯಲ್ಲಿ ಪರಸ್ಪರ ಪರಿಚಯವಿಲ್ಲದವರ ನಡುವೆ ಹಕ್ಕು ವೇಗವಾಗಿ ಕೈಬದಲಾಯಿಸುವುದಕ್ಕೆ ಎಡೆಯಿಲ್ಲ. ಹಕ್ಕನ್ನು ಕಾಗದದೊಳಗೇ ಇಟ್ಟು ಸಾಗಿಸುವ ಉಪಾಯವು ಬೇಕಾದದ್ದು ದೂರದ ವ್ಯಾಪಾರಕ್ಕೆ.

೩

ಇಂಗ್ಲೆಂಡಿನ ಉತ್ತರವು ಯಾವುದು? ಅದನ್ನು ಹೇಳುವವರೆಲ್ಲರೂ ೧೭೫೮ರ ಮಿಲ್ಲರ್ ಮತ್ತು ರೇಸ್ ಮೊಕದ್ದಮೆಯನ್ನು ಉದಾಹರಿಸುತ್ತಾರೆ. ೧೭೫೬ರ ಡಿಸೆಂಬರ್ ೧೧ರ ರಾತ್ರಿ ಅಂಚೆಯನ್ನು ದರೋಡೆ ಮಾಡಿದವರ ಕೈಗೆ ಬ್ಯಾಂಕ್ ಆಫ್ ಇಂಗ್ಲೆಂಡಿನ ೨೧ ಪೌಂಡು ೧೦ ಷಿಲಿಂಗಿನ ಒಂದು ನೋಟು ಸಿಕ್ಕಿತು. ಅದು ಫಿನ್ನಿ ಎಂಬವನಿಗೆ ಅಥವಾ ತಂದವನಿಗೆ ಸಲ್ಲತಕ್ಕ ನೋಟು. ಮರುದಿನವೇ ಅದು ಮಿಲ್ಲರ್ ಎಂಬ ಛತ್ರದ ಯಜಮಾನನಿಗೆ, ಅವನ ವ್ಯಾಪಾರದ ಸಹಜ ಕ್ರಮದಲ್ಲಿ, ಪೂರ್ಣ ಬೆಲೆಗೆ ಬಂದಿತು. ಕಳವಿನ ಸಂಗತಿ ಅವನಿಗೆ ತಿಳಿದಿರಲಿಲ್ಲ. ಫಿನ್ನಿಯು ಹಣ ಕೊಡಬೇಡಿರೆಂದು ಬ್ಯಾಂಕಿಗೆ ತಿಳಿಸಿದ್ದನು. ಮಿಲ್ಲರನು ನೋಟನ್ನು ತೋರಿಸಿದಾಗ ರೇಸ್ ಎಂಬ ಗುಮಾಸ್ತನು ಹಣವನ್ನೂ ಕೊಡಲಿಲ್ಲ, ನೋಟನ್ನೂ ಹಿಂದಿರುಗಿಸಲಿಲ್ಲ. ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡನು ಇಂಥ ನೋಟುಗಳು ಜನರ ವ್ಯವಹಾರದಲ್ಲಿ ನಾಣ್ಯದಂತೆಯೇ ಸಲ್ಲುತ್ತವೆಂದು ನಿರ್ಣಯಿಸಿ, ಮಿಲ್ಲರನ ಪಕ್ಷದಲ್ಲಿ ತೀರ್ಪು ಕೊಟ್ಟನು. ೧೭೮೧ರಲ್ಲಿ ಪೀಕಾಕ್ ಮತ್ತು ರೋಡ್ಸ್ ಮೊಕದ್ದಮೆಯಲ್ಲಿ ಇದೇ ತತ್ತ್ವವನ್ನು, ಹೆಸರಿಲ್ಲದೆ ಖಾಲಿ ಹಿಂಬರಹ ಮಾಡಿದ ಹುಂಡಿಗೂ ಅನ್ವಯಿಸಲಾಯಿತು.

ಈ ತೀರ್ಪು ಹೇಳಿದ್ದೇನು, ಹೇಳದೆ ಬಿಟ್ಟದ್ದೇನು ಎಂಬುದನ್ನು ಗಮನಿಸಬೇಕು. ಕಳ್ಳನಿಗೆ ಹಕ್ಕಿದೆಯೆಂದು ಅದು ಹೇಳಲಿಲ್ಲ. ನೋಟನ್ನು ಹಿಡಿದವನೆಲ್ಲ ಹಕ್ಕುದಾರನೆಂದೂ ಹೇಳಲಿಲ್ಲ. ಬೆಲೆ ಕೊಟ್ಟು, ತಿಳಿಯದೆ, ಪ್ರಾಮಾಣಿಕವಾಗಿ ಕೊಂಡವನು ಮತ್ತು ಕಳವಿಗೆ ಈಡಾದವನು, ಈ ಇಬ್ಬರು ನಿರಪರಾಧಿಗಳಲ್ಲಿ ನಷ್ಟವನ್ನು ಎರಡನೆಯವನು ಹೊರಬೇಕೆಂದು ಮಾತ್ರ ಹೇಳಿತು. ಬ್ಯಾಂಕು ಹೇಗಿದ್ದರೂ ಒಂದು ಸಲ ಹಣ ಕೊಡಬೇಕಾದದ್ದೇ, ಅದಕ್ಕೆ ನಷ್ಟವಿಲ್ಲ. ವ್ಯಾಪಾರದ ಓಟಕ್ಕೆ ಅಡ್ಡಿಯಾಗದಿರಲೆಂದು ಫಿನ್ನಿಯಂಥವರ ಹಿತವನ್ನು ಬಲಿಕೊಡಲಾಯಿತು. ಇದು ಒಂದು ಆಯ್ಕೆ, ಪ್ರಕೃತಿನಿಯಮವಲ್ಲ.

ಆ ಆಯ್ಕೆಯಲ್ಲಿ ಇಂಗ್ಲೆಂಡಿನ ನ್ಯಾಯಾಲಯಗಳೇ ಸ್ಥಿರವಾಗಿ ನಿಲ್ಲಲಿಲ್ಲ. ೧೮೨೪ರ ಗಿಲ್ ಮತ್ತು ಕ್ಯೂಬಿಟ್ ಮೊಕದ್ದಮೆಯಲ್ಲಿ ಕಳವಿನ ಹುಂಡಿಯೊಂದನ್ನು ಅಪರಿಚಿತನಿಂದ ಕೊಂಡ ದಲ್ಲಾಳಿಯು ಸೋತನು. ತಂದವನು ಯಾರು, ಹುಂಡಿ ಅವನಿಗೆ ಹೇಗೆ ಬಂದಿತು ಎಂದು ವಿಚಾರಿಸದೆ ಕೊಂಡದ್ದೇ ಅವನ ತಪ್ಪು. ಎಚ್ಚರವುಳ್ಳ ಮನುಷ್ಯನು ವಿಚಾರಿಸುತ್ತಿದ್ದನು ಎಂಬುದು ಅಲ್ಲಿನ ನಿಲುವು. ಸುಮಾರು ಒಂದು ದಶಕದ ಕಾಲ ಈ ಕಟ್ಟುನಿಟ್ಟು ನಡೆದು, ಕ್ರಮೇಣ ಸಡಿಲಗೊಂಡು, ೧೮೩೬ರ ಗುಡ್‌ಮನ್ ಮತ್ತು ಹಾರ್ವೆ ಮೊಕದ್ದಮೆಯಿಂದ ಪೂರ್ತಿ ತಳ್ಳಿಹೋಯಿತು. ಅಜಾಗರೂಕತೆಯಿದ್ದರೂ ಪ್ರಾಮಾಣಿಕತೆಯಿದ್ದರೆ ಸಾಕೆಂಬ ನಿಯಮವೇ ೧೮೮೨ರ ಇಂಗ್ಲಿಷ್ ಕಾಯಿದೆಯಲ್ಲಿ ನೆಲೆಯಾಯಿತು. ಲಂಡನ್ನಿನ ಪೇಟೆಯಲ್ಲಿಯೂ 'ತಂದವನು ಯಾರು?' ಎಂದು ಕೇಳುವುದು ಒಮ್ಮೆ ಕಾನೂನೇ ಆಗಿತ್ತೆಂಬುದನ್ನು ಇಲ್ಲಿ ನೆನಪಿನಲ್ಲಿಡತಕ್ಕದ್ದು; ಶಾಹಜೋಗ ಹುಂಡಿಯ ಪ್ರಸ್ತಾಪ ಬಂದಾಗ ಇದು ನಮಗೆ ಬೇಕಾಗುತ್ತದೆ.

೪

ಇನ್ನು ನಮ್ಮ ಕಾಯಿದೆಯ ಮಾತು. ಅದರ ಮೊದಲ ಕರಡು ೧೮೬೬ರಲ್ಲಿ ಮೂರನೆಯ ಲಾ ಕಮಿಷನ್ನಿನಿಂದ ಸಿದ್ಧವಾಗಿ, ೧೮೬೭ರ ಡಿಸೆಂಬರಿನಲ್ಲಿ ಶಾಸನಸಭೆಗೆ ಬಂದಿತು. ಇಂಗ್ಲಿಷ್ ಕಾನೂನಿನಿಂದ ಅದು ಹಲವೆಡೆ ದೂರ ಸರಿದಿದೆಯೆಂದು ವರ್ತಕವರ್ಗವು ಆಕ್ಷೇಪಿಸಿತು. ೧೮೭೭ರಲ್ಲಿ ಅದನ್ನು ತಿದ್ದಿ ಬರೆದು, ಪ್ರಾಂತಸರ್ಕಾರಗಳ, ಹೈಕೋರ್ಟುಗಳ, ವಾಣಿಜ್ಯ ಮಂಡಲಗಳ ಟೀಕೆಗಳನ್ನು ಪಡೆದು, ಮತ್ತೆ ಮತ್ತೆ ಪರಿಶೀಲಿಸಿ, ಕೊನೆಗೆ ೧೮೮೧ರ ಡಿಸೆಂಬರಿನಲ್ಲಿ ಅಂಗೀಕರಿಸಲಾಯಿತು. ೧೮೮೨ರ ಮಾರ್ಚ್ ೧ರಿಂದ ಅದು ಜಾರಿಗೆ ಬಂದಿತು. ಇಷ್ಟು ತಿದ್ದುಪಡಿಗಳಾದ ಮೇಲೆಯೂ ಅದು ಇಂಗ್ಲಿಷ್ ಕಾನೂನಿನ ನಕಲಾಗಲಿಲ್ಲವೆಂಬುದಕ್ಕೆ ಧಾರಕನ ಲಕ್ಷಣವನ್ನು ಹೇಳುವ ೮ನೆಯ ಕಲಮೇ ಸಾಕ್ಷಿ.

ಇಂಗ್ಲಿಷ್ ಕಾಯಿದೆಯಂತೆ, ಪತ್ರವು ವಶದಲ್ಲಿರುವ ಹೆಸರುಳ್ಳವನು ಅಥವಾ ಹಿಂಬರಹ ಪಡೆದವನು ಧಾರಕ. ತಂದವನಿಗೆ ಸಲ್ಲತಕ್ಕ ಪತ್ರವಾದರೆ ಅದನ್ನು ಹಿಡಿದವನೇ ಧಾರಕ. ಅಲ್ಲಿ ಒತ್ತು ವಶದ ಮೇಲೆ. ನಮ್ಮ ಕಲಮು ಹಾಗೆ ಹೇಳುವುದಿಲ್ಲ. ತನ್ನ ಹೆಸರಿನಲ್ಲಿಯೇ ಪತ್ರದ ವಶಕ್ಕೂ ಅದರ ಹಣವನ್ನು ಪಡೆಯುವುದಕ್ಕೂ ಯಾರು ಅರ್ಹನೋ ಅವನು ಧಾರಕನೆಂದು ಅದರ ತಾತ್ಪರ್ಯ. ವಶವಿರಬೇಕೆಂದಲ್ಲ, ವಶಕ್ಕೆ ಅರ್ಹತೆಯಿರಬೇಕು. ಆದುದರಿಂದ ಪತ್ರವು ಕಳೆದುಹೋದರೆ ಅಥವಾ ನಾಶವಾದರೆ, ಆ ಗಳಿಗೆಯಲ್ಲಿ ಅರ್ಹನಾಗಿದ್ದವನೇ ಧಾರಕನಾಗಿ ಉಳಿಯುತ್ತಾನೆಂದು ಅದೇ ಕಲಮು ಸ್ಪಷ್ಟಪಡಿಸಿದೆ. ಕಳ್ಳನು ಪತ್ರವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೂ ಧಾರಕನಲ್ಲ. ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಯ ೧೯೯೦ರ ಪರಿಷ್ಕರಣವನ್ನು ಇದರೊಡನೆ ಹೋಲಿಸಿದರೆ ಭೇದವು ಎದ್ದುಕಾಣುತ್ತದೆ. ಆ ಸಂಹಿತೆಯು ಒಡೆತನವನ್ನೂ ವಸೂಲಿಯ ಹಕ್ಕನ್ನೂ ಬಿಚ್ಚಿ ಬೇರ್ಪಡಿಸಿ, ಒಡೆಯನಲ್ಲದವನೂ, ಅನ್ಯಾಯವಾಗಿ ಪತ್ರವನ್ನು ವಶದಲ್ಲಿಟ್ಟುಕೊಂಡವನೂ ಸಹ ಅದನ್ನು ಜಾರಿಮಾಡಲು ಅರ್ಹನಾಗಿರಬಹುದೆಂದು ಬಾಯಿಬಿಟ್ಟು ಹೇಳುತ್ತದೆ.

ಹಾಗಾದರೆ ಮಿಲ್ಲರನಂಥವನ ಗತಿಯೇನು? ಅವನಿಗೆ ೯ನೆಯ ಕಲಮು ಆಸರೆ. ಹಣ ಸಲ್ಲುವ ಗಡುವಿಗೆ ಮೊದಲು, ಪ್ರತಿಫಲ ಕೊಟ್ಟು, ಕೊಟ್ಟವನ ಹಕ್ಕಿನಲ್ಲಿ ದೋಷವಿದೆಯೆಂದು ನಂಬಲು ಸಾಕಷ್ಟು ಕಾರಣವಿಲ್ಲದೆ ಪಡೆದವನು ಯಥಾಕ್ರಮ ಧಾರಕ. ಕಳೆದುಹೋದ ಅಥವಾ ವಂಚನೆಯಿಂದ ಪಡೆದ ಪತ್ರದ ಮೇಲೆ, ಕದ್ದವನಿಂದ ಬಂದ ಯಾರಿಗೂ ಹಕ್ಕಿಲ್ಲ. ಆದರೆ ತಾನು ಅಥವಾ ತನಗಿಂತ ಹಿಂದಿನವನೊಬ್ಬನು ಯಥಾಕ್ರಮ ಧಾರಕನಾಗಿದ್ದರೆ ಹಕ್ಕುಂಟು ಎಂದು ೫೮ನೆಯ ಕಲಮು ವಿಧಿಸುತ್ತದೆ. ಇಲ್ಲಿ 'ಸಾಕಷ್ಟು ಕಾರಣ' ಎಂಬ ಮಾತು ಮಹತ್ತ್ವದ್ದು. ಪ್ರಾಮಾಣಿಕತೆಯೊಂದೇ ಸಾಲದು, ಸಂಶಯಕ್ಕೆ ಕಾರಣವಿದ್ದಾಗ ಕಣ್ಣುಮುಚ್ಚಿದವನಿಗೆ ರಕ್ಷಣೆಯಿಲ್ಲ. ೧೮೩೬ರಲ್ಲಿ ಇಂಗ್ಲೆಂಡು ಕೈಬಿಟ್ಟ ಎಚ್ಚರಿಕೆಯ ನಿಯಮವು ನಮ್ಮ ಕಾಯಿದೆಯಲ್ಲಿ ಉಳಿದುಕೊಂಡಿದೆ. ಹಿಂಬರಹವನ್ನೇ ಖೋಟಾ ಮಾಡಿದ್ದರಂತೂ, ಎಷ್ಟೇ ಪ್ರಾಮಾಣಿಕನಾಗಿ ಪಡೆದವನಿಗೂ ಆ ಬರಹದ ಮೂಲಕ ಹಕ್ಕು ಹುಟ್ಟುವುದಿಲ್ಲ.

ಇಲ್ಲಿಯವರೆಗೆ ಕಾಯಿದೆಯು ಪ್ರಶಂಸೆಗೆ ಅರ್ಹವಾಗಿದೆ. ಪತ್ರವನ್ನು ಹಿಡಿದವನೇ ಹಕ್ಕುದಾರನೆಂಬ ಮೊದಲನೆಯ ನಿರ್ಣಯವು ಕಾಯಿದೆಯ ಮಾತಿನಿಂದಲೇ ಬಿದ್ದುಹೋಗುತ್ತದೆ.

೫

ಆದರೆ ಅದೇ ಕಲಮಿನ 'ತನ್ನ ಹೆಸರಿನಲ್ಲಿಯೇ' ಎಂಬ ಮಾತು ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ನಮ್ಮ ಸಮಾಜದಲ್ಲಿ ಬೇನಾಮಿ ವ್ಯವಹಾರವು ಬಹು ಕಾಲ ರೂಢಿಯಲ್ಲಿತ್ತು. ಹಣವು ಒಬ್ಬನದು, ಪತ್ರವು ಮತ್ತೊಬ್ಬನ ಹೆಸರಿನಲ್ಲಿ. ಭೂಮಿಯ ವಿಷಯದಲ್ಲಿ ನ್ಯಾಯಾಲಯಗಳು ಹೆಸರಿನ ಹಿಂದಿದ್ದ ನಿಜವಾದ ಒಡೆಯನನ್ನು ಹುಡುಕುತ್ತಿದ್ದವು. ಹಣಪತ್ರದ ವಿಷಯದಲ್ಲಿ ಹಾಗೆ ಮಾಡುವುದಕ್ಕೆ ಈ ಮಾತು ಅಡ್ಡವಾಯಿತು. ಪತ್ರದ ಮುಖದ ಮೇಲೆ ಅಥವಾ ಬೆನ್ನಿನ ಮೇಲೆ ಯಾರ ಹೆಸರಿಲ್ಲವೋ ಅವನು ಧಾರಕನಲ್ಲ. ನಿಜವಾದ ಒಡೆಯನು ಹೆಸರುಳ್ಳವನಿಂದ ಹಿಂಬರಹ ಮಾಡಿಸಿಕೊಳ್ಳಬೇಕು, ಇಲ್ಲವೆ ಅವನ ಮೂಲಕವೇ ವಸೂಲು ಮಾಡಿಕೊಳ್ಳಬೇಕು. ೧೯೮೮ರ ಬೇನಾಮಿ ನಿಷೇಧ ಕಾಯಿದೆಯಾದ ಮೇಲಂತೂ ಒಡೆಯನ ದಾರಿ ಇನ್ನೂ ಇಕ್ಕಟ್ಟಾಯಿತು.

ಹೆಸರಿನ ಈ ಪ್ರಾಬಲ್ಯವು ಹಣ ಕೇಳುವವನಿಗೆ ಮಾತ್ರವಲ್ಲ, ಕೊಡತಕ್ಕವನಿಗೂ ಅನ್ವಯಿಸುತ್ತದೆ. ಹೈದರಾಬಾದಿನ ದಿವಾನರಾಗಿದ್ದ ಮಹಾರಾಜಾ ಸರ್ ಕಿಶನ್ ಪ್ರಸಾದರ ನೌಕರನೊಬ್ಬನು ಬರೆದ ಹುಂಡಿಗಳ ಹಣವನ್ನು ಮಹಾರಾಜರಿಂದಲೇ ವಸೂಲು ಮಾಡಬೇಕೆಂದು ಸದಾಸುಖ ಜಾನಕೀದಾಸ ಎಂಬ ಕೋಠಿಯು ಹೂಡಿದ ಮೊಕದ್ದಮೆಯು ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಜವಾಬ್ದಾರಿ ಹೊರತಕ್ಕವನ ಹೆಸರು ಹುಂಡಿಯ ಮೇಲೆಯೇ ಸ್ಪಷ್ಟವಾಗಿ ಕಾಣಬೇಕು, ಒಳಗಿನ ಸಂಬಂಧವನ್ನು ಹೊರಗಿನಿಂದ ತಂದು ಸೇರಿಸಲಾಗದು ಎಂಬ ಕಾರಣದಿಂದ ೧೯೧೮ರಲ್ಲಿ ಕೋಠಿಯು ಸೋತಿತು. ಕಾಗದವೇ ಎಲ್ಲವನ್ನೂ ಹೇಳಬೇಕು ಎಂಬುದು ಇಲ್ಲಿನ ತತ್ತ್ವ. ದೂರದ ಊರಿನಲ್ಲಿ ಪತ್ರವನ್ನು ಕೊಳ್ಳುವವನಿಗೆ ಬರೆದವನ ಮನೆಯೊಳಗಿನ ಸಂಬಂಧಗಳು ತಿಳಿಯಲಾರವಾದುದರಿಂದ ಇದಕ್ಕೆ ಸಮರ್ಥನೆಯುಂಟು.

ಈ ತತ್ತ್ವ ಇಂದಿಗೂ ಜೀವಂತವಾಗಿದೆ. ೧೯೮೮ರ ತಿದ್ದುಪಡಿಯಿಂದ ಸೇರಿದ ೧೩೮ನೆಯ ಕಲಮು ಚೆಕ್ಕಿನ ಅಮಾನ್ಯತೆಯನ್ನು ಅಪರಾಧವನ್ನಾಗಿಸಿತು. ಆದರೆ ದೂರು ಕೊಡುವ ಹಕ್ಕನ್ನು ೧೪೨ನೆಯ ಕಲಮು ಹಣ ಪಡೆಯತಕ್ಕ ಹೆಸರುಳ್ಳವನಿಗೆ ಮತ್ತು ಯಥಾಕ್ರಮ ಧಾರಕನಿಗೆ ಮಾತ್ರ ಕೊಟ್ಟಿದೆ; ಬರಿಯ ಧಾರಕನ ಹೆಸರು ಅಲ್ಲಿಲ್ಲ. ಅಂಗಡಿಯೊಂದರ ಹೆಸರಿನಲ್ಲಿದ್ದ ಚೆಕ್ಕಿನ ಮೇಲೆ ದೂರು ಕೊಟ್ಟವನು ಆ ಅಂಗಡಿಯ ಮಾಲೀಕನು ತಾನೇ ಎಂಬುದನ್ನು ಸಾಬೀತುಪಡಿಸದೆಹೋದ ಕಾರಣ, ೨೦೧೧ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ದೂರಿನ ಹಕ್ಕಿಲ್ಲವೆಂದು ತೀರ್ಮಾನಿಸಿತು. ಒಟ್ಟಿನಲ್ಲಿ ಭಾರತದ ಕಾನೂನಿನಲ್ಲಿ ಹಕ್ಕು ಬರಿಯ ವಶವನ್ನೂ ಅನುಸರಿಸುವುದಿಲ್ಲ, ಬರಿಯ ಒಡೆತನವನ್ನೂ ಅನುಸರಿಸುವುದಿಲ್ಲ. ಅದು ಹೆಸರನ್ನೂ ಅರ್ಹತೆಯನ್ನೂ ಜೊತೆಯಾಗಿ ಅನುಸರಿಸುತ್ತದೆ.

೬

ಈಗ ಎರಡನೆಯ ನಿರ್ಣಯಕ್ಕೆ ಬರೋಣ. ಹುಂಡಿಗಳಲ್ಲಿ ತೋರಿಸಿದೊಡನೆ ಹಣ ಸಲ್ಲತಕ್ಕ ದರ್ಶನಿಯೂ, ಗಡುವಿನ ನಂತರ ಸಲ್ಲತಕ್ಕ ಮುದ್ದತಿಯೂ ಉಂಟು. ಹಕ್ಕುದಾರನ ದೃಷ್ಟಿಯಿಂದ ನೋಡಿದರೆ, ಒಡೆಯನಿಗೆ ಸಲ್ಲತಕ್ಕದ್ದು ಧನಿಜೋಗ, ಹೆಸರು ಹೇಳಿದವನಿಗೆ ಸಲ್ಲತಕ್ಕದ್ದು ನಾಮಜೋಗ, ಅವನ ಆಜ್ಞೆ ಪಡೆದವನಿಗೆ ಸಲ್ಲತಕ್ಕದ್ದು ಫರ್ಮಾನಜೋಗ, ತೋರಿಸಿದವನಿಗೆ ಸಲ್ಲತಕ್ಕದ್ದು ದೇಖಾಡನಾರ, ಶಾಹನಿಗೆ, ಅಂದರೆ ಪೇಟೆಯಲ್ಲಿ ಮಾನ್ಯನಾದ ವರ್ತಕನಿಗೆ, ಸಲ್ಲತಕ್ಕದ್ದು ಶಾಹಜೋಗ. ಹುಂಡಿ ಕಳೆದರೆ ಕೊಡುವ ಎರಡನೆಯ ಪ್ರತಿಗೆ ಪೇಠ, ಅದೂ ಕಳೆದರೆ ಕೊಡುವ ಮೂರನೆಯ ಪ್ರತಿಗೆ ಪರಪೇಠ ಎಂದೂ, ಹಣ ಸಂದು ರದ್ದಾದ ಹುಂಡಿಗೆ ಖೋಕಾ ಎಂದೂ ಹೆಸರು. 'ಯಾರಿಗೆ ಸಲ್ಲತಕ್ಕದ್ದು?' ಎಂಬ ಪ್ರಶ್ನೆಯನ್ನೇ ಹಿಡಿದು ಇಷ್ಟು ಸೂಕ್ಷ್ಮವಾಗಿ ವಿಂಗಡಿಸಿದ ವರ್ತಕರಿಗೆ ಹಕ್ಕಿನ ಕಲ್ಪನೆ ಅಪೂರ್ಣವಾಗಿತ್ತೆಂದು ಹೇಳುವುದು ಸಾಹಸದ ಮಾತೇ ಸರಿ. ಮೊಗಲರ ಕಾಲದಲ್ಲಿಯೇ ಹುಂಡಿಗಳು ಕೊಳ್ಳುವ ಮಾರುವ ವಸ್ತುಗಳಾಗಿ ಕೈಬದಲಾಗುತ್ತಿದ್ದುವೆಂಬುದನ್ನು ಇರ್ಫಾನ್ ಹಬೀಬರು ೧೯೭೨ರ ತಮ್ಮ ಪ್ರಬಂಧದಲ್ಲಿ ವಿಶದಪಡಿಸಿದ್ದಾರೆ.

ಆದರೂ ಶಾಹಜೋಗವನ್ನು ಕುರಿತ ಆಕ್ಷೇಪವನ್ನು ಪರಿಶೀಲಿಸತಕ್ಕದ್ದು. ತಂದವನಿಗೆಲ್ಲ ಹಣ ಸಲ್ಲುವುದಿಲ್ಲ, ಶಾಹನಿಗೆ ಮಾತ್ರ ಸಲ್ಲುತ್ತದೆ. ಆದುದರಿಂದ ಅದು ಪೂರ್ಣವಾಗಿ ಕೈಬದಲಾಗುವ ಪತ್ರವಲ್ಲ ಎಂಬುದು ಆ ಆಕ್ಷೇಪ. ಆದರೆ ಅದು ನಡೆಯುವ ಕ್ರಮವನ್ನು ನೋಡಬೇಕು. ಶಾಹಜೋಗ ಹುಂಡಿಯು ಹಿಂಬರಹವಿಲ್ಲದೆಯೇ ಕೈಯಿಂದ ಕೈಗೆ ಹೋಗಬಲ್ಲದು. ಸಾಗುವ ದಾರಿಯಲ್ಲಿ ಅದಕ್ಕೆ ಯಾವ ತಡೆಯೂ ಇಲ್ಲ. ತಡೆಯಿರುವುದು ದಾರಿಯ ಕೊನೆಯಲ್ಲಿ ಮಾತ್ರ. ಹಣ ಕೊಡತಕ್ಕವನು ತಂದವನು ಶಾಹನೇ ಎಂದು ವಿಚಾರಿಸಿ ಕೊಡಬೇಕು. ಹಾಗೆ ಕೊಟ್ಟರೆ ಅವನ ಹೊಣೆ ತೀರಿತು. ಮುಂದೆ ಆ ಹುಂಡಿ ಕಳವಿನದು ಅಥವಾ ಖೋಟಾ ಎಂದು ತಿಳಿದುಬಂದರೆ, ಹಣ ಪಡೆದ ಶಾಹನು ಅದನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ತನಗೆ ಹುಂಡಿ ಕೊಟ್ಟವನನ್ನು ಹಿಡಿಯುವುದು ಅವನ ಪಾಲಿನ ಕೆಲಸ.

ಮಿಲ್ಲರನ ನೋಟು ಶಾಹಜೋಗವಾಗಿದ್ದರೆ ಏನಾಗುತ್ತಿತ್ತು? ಛತ್ರದ ಯಜಮಾನನು ಅದನ್ನು ಪೇಟೆಯ ಶಾಹನೊಬ್ಬನ ಮೂಲಕ ಬ್ಯಾಂಕಿಗೆ ಒಪ್ಪಿಸುತ್ತಿದ್ದನು. ಬ್ಯಾಂಕು ಹಣ ಕೊಡುತ್ತಿತ್ತು. ಕಳವು ಹೊರಬಿದ್ದ ಮೇಲೆ ಶಾಹನು ಹಣವನ್ನು ಹಿಂದಿರುಗಿಸಿ ಯಜಮಾನನನ್ನು ಕೇಳುತ್ತಿದ್ದನು. ಯಜಮಾನನು ತನಗೆ ನೋಟು ಕೊಟ್ಟವನನ್ನು ಹುಡುಕಬೇಕಾಗುತ್ತಿತ್ತು. ಫಿನ್ನಿಯ ಹಣ ಉಳಿಯುತ್ತಿತ್ತು. ನಷ್ಟವು ಬಂದ ದಾರಿಯಲ್ಲಿಯೇ ಹಿಂದಕ್ಕೆ ನಡೆದು, ಕಳ್ಳನಿಗೆ ಅತಿ ಹತ್ತಿರದಲ್ಲಿ ನಿಂತು ಅವನ ಮುಖವನ್ನು ಕಂಡಿದ್ದವನ ಬಳಿ ನಿಲ್ಲುತ್ತಿತ್ತು. ಕಾಣದ ಕಳ್ಳನಿಂದ ರಾತ್ರಿಯಲ್ಲಿ ದೋಚಲ್ಪಟ್ಟವನಿಗಿಂತ, ಹಗಲಿನಲ್ಲಿ ಅವನೊಡನೆ ವ್ಯವಹರಿಸಿದವನೇ ಎಚ್ಚರಿಕೆ ವಹಿಸಲು ಹೆಚ್ಚು ಶಕ್ತನಲ್ಲವೇ? ಗಿಲ್ ಮೊಕದ್ದಮೆಯ ನ್ಯಾಯಾಧೀಶರ ಮನಸ್ಸಿನಲ್ಲಿದ್ದುದೂ ಇದಕ್ಕೆ ಹತ್ತಿರದ ವಿಚಾರವೇ. ಅಲ್ಲಿ ಅಜಾಗರೂಕನಾದವನು ಸೋತನು; ಇಲ್ಲಿ ಶಾಹನು ಜಾಗರೂಕನಾಗಿದ್ದರೂ ಹೊಣೆ ಹೊರುತ್ತಾನೆ. ವ್ಯತ್ಯಾಸವಿಷ್ಟೇ.

ಹೀಗಿರುವಲ್ಲಿ ಶಾಹಜೋಗವು ಇಂಗ್ಲಿಷ್ ಹುಂಡಿಯ ಅಪೂರ್ಣ ರೂಪವೆಂಬ ಮಾತು ನಿಲ್ಲುವುದಿಲ್ಲ. ನಷ್ಟವನ್ನು ಯಾರು ಹೊರಬೇಕೆಂಬ ಒಂದೇ ಪ್ರಶ್ನೆಗೆ ಅದು ಕೊಟ್ಟ ಬೇರೆಯ ಉತ್ತರ. ಮ್ಯಾನ್ಸ್‌ಫೀಲ್ಡನು ಕಾಗದಕ್ಕೆ ನಾಣ್ಯದ ಮರ್ಯಾದೆಯನ್ನು ಕೊಟ್ಟು ವ್ಯಾಪಾರವನ್ನು ನಡೆಸಿದನು. ನಮ್ಮ ವರ್ತಕರು ಕಾಗದದ ಕೊನೆಯಲ್ಲಿ ಒಬ್ಬ ಮನುಷ್ಯನ ಮರ್ಯಾದೆಯನ್ನು ನಿಲ್ಲಿಸಿ ನಡೆಸಿದರು. ಇಂಗ್ಲೆಂಡಿನ ಕಥೆಯನ್ನೇ ಅಳತೆಗೋಲಾಗಿಸಿಕೊಳ್ಳುವುದರಲ್ಲಿ ಇನ್ನೊಂದು ದೋಷವೂ ಉಂಟು. ಹಣಪತ್ರಗಳ ಕಾನೂನಿನ ಬೆಳವಣಿಗೆಯನ್ನೆಲ್ಲ ಕೈಬದಲಾವಣೆಯ ತತ್ತ್ವದ ವಿಜಯವೆಂದು ಚಿತ್ರಿಸುವುದನ್ನು ಜೇಮ್ಸ್ ಸ್ಟೀವನ್ ರಾಜರ್ಸರು ೧೯೯೫ರ ತಮ್ಮ ಗ್ರಂಥದಲ್ಲಿ ಇಂಗ್ಲೆಂಡಿನ ವಿಷಯದಲ್ಲಿಯೇ ಪ್ರಶ್ನಿಸಿದ್ದಾರೆ.

೭

ನಮ್ಮ ಈ ವಾದಕ್ಕೆ ಎರಡು ಪೂರ್ವಪಕ್ಷಗಳು ಬರಬಹುದು. ಒಂದು: ಶಾಹನಾರು ಎಂಬುದನ್ನು ನಿರ್ಣಯಿಸುವವರು ಯಾರು? ಪೇಟೆಯ ಮಾನ್ಯತೆಯು ಕುಲ, ಸಂಬಂಧ, ಸಂಪತ್ತುಗಳನ್ನು ಅವಲಂಬಿಸಿತ್ತು. ಹುಂಡಿಯನ್ನು ಹಿಡಿದ ಬಡವನು ತನ್ನ ಹಣವನ್ನು ಪಡೆಯುವುದಕ್ಕೂ ಒಬ್ಬ ಶ್ರೀಮಂತನ ಕೈಹಿಡಿಯಬೇಕಾಗಿತ್ತು. ಈ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಮನುಷ್ಯನ ಮರ್ಯಾದೆಯನ್ನು ಆಧಾರವಾಗಿ ಉಳ್ಳ ವ್ಯವಸ್ಥೆಯು ಮರ್ಯಾದೆಯಿಲ್ಲದವರನ್ನು ಹೊರಗಿಡುತ್ತದೆ. ಆದರೆ ಇದು ನ್ಯಾಯದ ದೃಷ್ಟಿಯಿಂದ ಮಾಡತಕ್ಕ ಟೀಕೆ. 'ಅಪೂರ್ಣ' ಎಂಬ ಟೀಕೆಯಲ್ಲ. ಎರಡನೆಯದು: ವಿಶಾಲವಾದ, ಅಪರಿಚಿತರ ವ್ಯಾಪಾರಕ್ಕೆ ಇಂಗ್ಲಿಷ್ ನಿಯಮವೇ ಅನುಕೂಲ ಎಂಬುದು. ಇದರಲ್ಲಿಯೂ ಸತ್ಯಾಂಶವಿದೆ. ಆದರೆ ಶಾಹಜೋಗವು ಹಲವು ಪೇಟೆಗಳ ನಡುವೆ, ದೂರದೂರಕ್ಕೆ ಸಾಗುತ್ತಿದ್ದ ಪತ್ರವೇ ಎಂಬುದನ್ನು ಮರೆಯಬಾರದು.

ಕಾಯಿದೆಯು ಈ ಬೇರೆಯ ಉತ್ತರವನ್ನು ನಡೆಸಿಕೊಂಡ ಬಗೆಯೇ ನಮ್ಮ ಮುಖ್ಯ ಆಕ್ಷೇಪಕ್ಕೆ ಕಾರಣ. ೧ನೆಯ ಕಲಮಿನಂತೆ, ಪೌರ್ವಾತ್ಯ ಭಾಷೆಯಲ್ಲಿ ಬರೆದ ಪತ್ರಕ್ಕೆ ಸಂಬಂಧಿಸಿದ ಸ್ಥಳೀಯ ರೂಢಿಗೆ ಕಾಯಿದೆಯಿಂದ ಬಾಧೆಯಿಲ್ಲ; ಕಾಯಿದೆಯೇ ತಮಗೆ ಅನ್ವಯಿಸಲೆಂಬ ಇಚ್ಛೆಯನ್ನು ಪತ್ರದ ಒಡಲಿನಲ್ಲಿ ಸೂಚಿಸಿ ಪಕ್ಷಗಾರರು ರೂಢಿಯನ್ನು ಹೊರಗಿಡಬಹುದು. ಮೇಲ್ನೋಟಕ್ಕೆ ಇದು ಔದಾರ್ಯದ ಮಾತು. ಆದರೆ ಭೇದವನ್ನು ಇಟ್ಟಿರುವುದು ವ್ಯವಹಾರದ ಸ್ವರೂಪದ ಮೇಲಲ್ಲ, ಬರಹದ ಭಾಷೆಯ ಮೇಲೆ. ಒಬ್ಬನೇ ವರ್ತಕನು ಒಂದೇ ದಿನ ಒಂದೇ ಕೋಠಿಯ ಮೇಲೆ ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದರೆ, ಮೊದಲನೆಯದಕ್ಕೆ ರೂಢಿಯು ಅನ್ವಯಿಸಬಹುದು, ಎರಡನೆಯದಕ್ಕೆ ಅನ್ವಯಿಸದು. ರೂಢಿಯನ್ನು ಹೇಳುವವನು ಅದನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಲೂಬೇಕು. ಸಾಬೀತಾಗದಿದ್ದರೆ ಕಾಯಿದೆಯ ನಿಯಮವೇ ಗತಿ. ಹೀಗಾಗಿ ಒಂದು ಉತ್ತರವು ಎಲ್ಲರೂ ಬಲ್ಲ ಕಾನೂನಾಗಿ ಅಚ್ಚಾಯಿತು. ಇನ್ನೊಂದು ಸಾಕ್ಷಿಗಳ ಬಾಯಲ್ಲಿ ಅಲೆಯುವ ರೂಢಿಯಾಗಿ ಉಳಿಯಿತು. ಹುಂಡಿಯು ಅಪೂರ್ಣವೆಂಬ ಭಾವನೆಗೆ ಹುಂಡಿಗಿಂತ ಈ ಅಸಮ ಸ್ಥಿತಿಯೇ ಹ��ಚ್ಚು ಕಾರಣವೆಂದು ನಮಗೆ ತೋರುತ್ತದೆ. ಮುಂದೆ ೧೯೩೪ರ ರಿಸರ್ವ್ ಬ್ಯಾಂಕ್ ಕಾಯಿದೆಯು, ತಂದವನಿಗೆ ಕೇಳಿದೊಡನೆ ಸಲ್ಲತಕ್ಕ ಹುಂಡಿಗಳನ್ನು ಖಾಸಗಿಯವರು ಬರೆಯಕೂಡದೆಂದು ವಿಧಿಸಿ ರೂಢಿಯ ಕ್ಷೇತ್ರವನ್ನು ಇನ್ನಷ್ಟು ಕಿರಿದಾಗಿಸಿತು.

೮

ಇಷ್ಟರಿಂದ ಇತಿಹಾಸದ ವಿದ್ಯಾರ್ಥಿಗೆ ದೊರೆಯುವ ಪ್ರಯೋಜನವೇನು? ಹಳೆಯ ಹಣಪತ್ರವೊಂದು ಕೈಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳದೆ ಯಾರನ್ನೂ ಸಾಲಿಗನೆಂದು ಬರೆಯಬಾರದು. ಮೊದಲನೆಯದಾಗಿ, ಪತ್ರವು ಯಾವ ಭಾಷೆಯಲ್ಲಿದೆ, ಮತ್ತು ಯಾರಿಗೆ ಸಲ್ಲತಕ್ಕದ್ದೆಂದು ಹೇಳುತ್ತದೆ? ಶಾಹಜೋಗವಾಗಿದ್ದರೆ ಕೊನೆಯ ಹೆಸರು ಹಣದ ಒಡೆಯನದಾಗಿರದೆ, ಮರ್ಯಾದೆಯನ್ನು ಎರವಲು ಕೊಟ್ಟವನದಾಗಿರಬಹುದು. ನಡುವೆ ಹಿಡಿದವರ ಹೆಸರುಗಳು ಕಾಗದದ ಮೇಲೆ ಇಲ್ಲದೆಯೇ ಹೋಗಬಹುದು. ಎರಡನೆಯದಾಗಿ, ಬೆನ್ನಿನ ಮೇಲಿನ ಬರಹವು ಹಕ್ಕಿನ ವರ್ಗಾವಣೆಯೋ, ಮಿತಾಕ್ಷರೆಯ ಕಾಲದಿಂದ ಬಂದ ಕಂತಿನ ಲೆಕ್ಕವೋ? ಕಾಯಿದೆಯ ೫೬ನೆಯ ಕಲಮು ಎರಡಕ್ಕೂ ಎಡೆಗೊಟ್ಟಿದೆ: ಹಣದ ಒಂದು ಭಾಗವನ್ನು ಮಾತ್ರ ವರ್ಗಾಯಿಸುವ ಹಿಂಬರಹವು ಸಲ್ಲದು, ಆದರೆ ಸಂದಾಯವಾದ ಭಾಗವನ್ನು ಬೆನ್ನಿನ ಮೇಲೆ ಬರೆದು ಉಳಿದುದಕ್ಕೆ ಪತ್ರವನ್ನು ವರ್ಗಾಯಿಸಬಹುದು. ಮೂರನೆಯದಾಗಿ, ಹೆಸರುಳ್ಳವನು ಒಡೆಯನೋ, ಬೇನಾಮಿಯೋ? ಇದನ್ನು ಪತ್ರವು ಹೇಳದು, ಖಾತೆಪುಸ್ತಕವು ಹೇಳೀತು. ನಾಲ್ಕನೆಯದಾಗಿ, ಪತ್ರವು ಯಾರ ಮನೆಯಲ್ಲಿ ದೊರೆಯಿತು? ಸಾಲಗಾರನ ಮನೆಯಲ್ಲಿ ದೊರೆತ ಪ್ರೋನೋಟು, ಹರಿದಿರಲಿ ಇಲ್ಲದಿರಲಿ, ಬಹುತೇಕ ತೀರಿದ ಸಾಲದ್ದು.

ಈ ಕೊನೆಯ ಮಾತು ಬದುಕಿರುವವರಿಗೂ ಸಲ್ಲುತ್ತದೆ. ಸಾಲ ತೀರಿಸಿದ ರೈತನು 'ನನ್ನ ಕಾಗದ ಕೊಡಿ' ಎಂದು ಹಟ ಹಿಡಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಪತ್ರವನ್ನು ಹರಿಯಬೇಕೆಂದ ಸ್ಮೃತಿಯೂ, ಹಣ ಕೊಡುವವನಿಗೆ ಪತ್ರವನ್ನು ಮೊದಲು ನೋಡುವ, ಕೊಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆಯುವ ಹಕ್ಕನ್ನು ಕೊಟ್ಟ ಕಾಯಿದೆಯ ೮೧ನೆಯ ಕಲಮೂ ಅವನ ಪಕ್ಷದಲ್ಲಿವೆ. ಗಡುವಿಗೆ ಮೊದಲೇ ಹಣ ಕೊಟ್ಟು ಪತ್ರವನ್ನು ಸಾಲಿಗನ ಬಳಿಯೇ ಬಿಟ್ಟರೆ, ಅದು ಬೆಲೆ ಕೊಟ್ಟ ಇನ್ನೊಬ್ಬ ನಿರಪರಾಧಿಯ ಕೈಗೆ ಹೋಗಬಹುದು. ಆಗ ಅವನಿಗೂ ಕೊಡಬೇಕಾದೀತು. ರೈತನ ಹಟವು ಅಜ್ಞಾನವಲ್ಲ. ಹಕ್ಕು ಕಾಗದದೊಳಗೆ ಕುಳಿತಿರುವ ಲೋಕದಲ್ಲಿ ಅದೇ ವಿವೇಕ.

ಆ ಲೋಕವೂ ಈಗ ಬದಲಾಗುತ್ತಿದೆ. ೨೦೦೨ರ ತಿದ್ದುಪಡಿಯ ನಂತರ ಚೆಕ್ಕಿನ ಕಾಗದವು ಹಣ ಕೊಡುವ ಬ್ಯಾಂಕಿಗೆ ಹೋಗಬೇಕಾಗಿಲ್ಲ. ಅದರ ಪ್ರತಿಬಿಂಬ ಹೋದರೆ ಸಾಕು. ಕಾಗದವು ನಡುದಾರಿಯಲ್ಲಿ ನಿಲ್ಲುತ್ತದೆ, ಹಕ್ಕು ಮುಂದೆ ಹೋಗುತ್ತದೆ. ವಶವೇ ಹಕ್ಕೆಂದು ಕಲಿತ ವಿದ್ಯಾರ್ಥಿಗೆ ಇದು ಒಗಟಾಗಿ ತೋರೀತು. ಒಡೆಯ, ವಶದಾರ, ಧಾರಕ ಎಂಬ ಮೂವರನ್ನು ಮೊದಲಿನಿಂದಲೂ ಬೇರೆ ಬೇರೆಯಾಗಿ ಕಂಡವನಿಗೆ ಇದು ಹಳೆಯ ಪ್ರಶ್ನೆಯೇ. ಪತ್ರ ಯಾವುದೇ ಇರಲಿ, ಅದು ಕಳುವಾದ ದಿನ ನಷ್ಟವನ್ನು ಯಾರು ಹೊತ್ತರು ಎಂದು ಕೇಳಿದರೆ, ಅದನ್ನು ಬರೆದ ಸಮಾಜವು ಯಾರನ್ನು ನಂಬಿತ್ತು ಎಂಬುದು ತಿಳಿಯುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಬೇಕಾದದ್ದು ಆ ತಿಳಿವು.